ಹುರಿ ಮುಟ್ಟದ ಹತ್ತಿ

ಶಕವರ್ಷ ೨೪೧೭, ಮೂರನೆಯ ಶ್ರಾವಣದ ನಲವತ್ತೊಂದನೆಯ ದಿನ
ವರದಾ ದಂಡೆಯ ಹೊಸಕೇರೂರಿನಿಂದ

ಎಲೈ ಪೂರ್ವಜರೇ, ನಾನೂರು ವರ್ಷಗಳಾಚೆಯ ಮಹನೀಯರೇ, ಮಹಾತಾಯಂದಿರೇ, ಕಿವಿಗೊಡಿ! ನನ್ನ ಮಾತುಗಳಲ್ಲಿ ಕೆಲವು ನಿಮಗೆ ಒರಟಾಗಿ, ಕೆಲವು ಅರ್ಥವೇ ಆಗದಂತೆ ಕಂಡಾವು, ಮನ್ನಿಸಿ. ವರ್ಷಕ್ಕೆ ಮೂರು ಶ್ರಾವಣ ಬರುವ ಕಾಲದವನು ನಾನು, ನನ್ನ ನುಡಿಯೊಂದೇ ನೆಟ್ಟಗಿರಬೇಕೆಂದರೆ ಹೇಗೆ? ಆದರೆ ಹೇಸಿಗೆ ಎಂಬ ಪದ ನಿಮ್ಮಲ್ಲೂ ಇತ್ತೆಂದು ಕೇಳಿದ್ದೇನೆ. ಈ ಓಲೆಗೆ ಅದೊಂದು ಸಾಕು.

ನಮ್ಮ ಹೊಲಗಳನ್ನು ನೀವು ನೋಡಬೇಕು! ಕಣ್ಣು ಹಾಯುವಷ್ಟು ದೂರ ಹತ್ತಿ, ಎಲ್ಲವೂ ಸೊಂಟದೆತ್ತರ, ರಾಜನ ಮುಂದೆ ತಲೆ ತಗ್ಗಿಸಿ ನಿಂತ ಸೇವಕರ ಹಾಗೆ. ಗಿಡದ ಓಟ ತಡೆದು ಅದರ ಬಲವನ್ನು ಕಾಯಿಯ ಕಡೆ ತಿರುಗಿಸಲು ಎಲೆಗೆ ಹೊಡೆಯುವ ಔಷಧಕ್ಕೆ ನಾವು ಕುಗ್ಗುನೀರು ಎನ್ನುತ್ತೇವೆ. ಕೊಯ್ಲಿಗೆ ಮುನ್ನ ಎಲೆ ಕೆಡವುವುದು ಉದುರುನೀರು, ಕಾಯಿ ಬಿರಿಸುವುದು ಅರಳುನೀರು. ಬಿತ್ತಿದ ಐವತ್ತನೆಯ ದಿನ ಬೆಳಿಗ್ಗೆ, ಊರ ಹೊಲಗಳನ್ನೆಲ್ಲ ಆಳುವ ಹತ್ತಿ ಸಂಘದ ಗೋಪುರದಿಂದ ಕಹಳೆ ಮೊಳಗುತ್ತದೆ. ಕಹಳೆ ಕೇಳಿತೋ, ಉಣ್ಣುವವರು ತಾಟು ಬಿಟ್ಟು, ಮೀಯುವವರು ತಂಬಿಗೆ ಬಿಟ್ಟು, ಬೆನ್ನಿಗೆ ಕುಗ್ಗುನೀರಿನ ಡಬ್ಬಿ ಏರಿಸಿ ಹೊಲಕ್ಕೆ ಓಡುತ್ತಾರೆ. ಮಳೆ ಬಂದಿದೆಯೇ, ಗಿಡ ಹೇಗಿದೆ, ಯಾರೂ ನೋಡುವುದಿಲ್ಲ. ನೋಡುವುದು ಗೋಪುರವನ್ನು. ಥೂ!

ಇದಕ್ಕಿಂತ ಅಸಹ್ಯದ ಪದ್ಧತಿ ಇನ್ನೊಂದಿದೆ. ಹೆಣ್ಣು ನೋಡಲು ಬರುವ ಬೀಗರು ಮೊದಲು ಹೊಲ ನೋಡುತ್ತಾರೆ. ಆಚೆ ಬದುವಿನಲ್ಲೊಂದು, ಈಚೆ ಬದುವಿನಲ್ಲೊಂದು ಗೂಟ ನೆಟ್ಟು ಸೊಂಟದೆತ್ತರಕ್ಕೆ ಹುರಿ ಎಳೆಯುತ್ತಾರೆ. ಒಂದು ಕುಡಿ ಅದರ ಮೇಲೆ ಇಣುಕಿದರೂ ನಗೆಯೋ ನಗೆ. "ಈ ಮನಿ ಹತ್ತಿಗೆ ಹೇಳೋರು ಕೇಳೋರು ಇಲ್ಲೇನ್ರೀ? ಹುಡುಗೀನೂ ಹಿಂಗ ಬೆಳದಾಳೇನು?"

ಅಂಥ ಬೀಗರು ನನ್ನ ಅಕ್ಕ ಗುರುಸಿದ್ದವ್ವನ ಮನೆಗೆ ಬರುವವರಿದ್ದರು, ಅವಳ ಮಗಳು ನೀಲಗಂಗಾಳನ್ನು ನೋಡಲು. ಅಕ್ಕನ ಕೊರಳ ಮೇಲೆ ಇನ್ನೊಂದು ಕತ್ತಿಯೂ ತೂಗುತ್ತಿತ್ತು: ಸತತ ಮೂರು ಹಂಗಾಮು ಬಂಡಿ ತುಂಬದ ಹೊಲವನ್ನು ಸಂಘ ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತದೆ. ಎರಡು ಹಂಗಾಮು ಅವಳಿಗೆ ಕೈಕೊಟ್ಟಿದ್ದವು. ಇದು ಮೂರನೆಯದು.

ಅಕ್ಕ ಕುಗ್ಗುನೀರಿನ ವೈರಿಯಲ್ಲ. ಮಳೆ ಹೆಚ್ಚಾಗಿ ಗಿಡ ಸೊಕ್ಕಿದ ವರ್ಷ ಎಲ್ಲರಿಗಿಂತ ಮೊದಲು ಹೊಡೆದವಳು ಅವಳೇ. ಆದರೆ ಹೊಡೆಯುವ ಮುನ್ನ ಸಾಲಿನಲ್ಲಿ ಬಗ್ಗಿ, ಗಿಡದ ತುದಿಯ ಗೆಣ್ಣುಗಳ ನಡುವೆ ಬೆರಳಿಟ್ಟು ನೋಡುವಳು. ಮೂರು ಬೆರಳು ಹಿಡಿದರೆ ಗಿಡ ಓಡುತ್ತಿದೆ, ಹೊಡೆಯಬೇಕು. ಈ ಸಲ ಇಪ್ಪತ್ತಾರು ದಿನ ಹನಿ ಮಳೆಯಿಲ್ಲ. ಒಂದು ಬೆರಳೂ ಹಿಡಿಯಲಿಲ್ಲ. ಕಹಳೆ ಮೊಳಗಿದಾಗ ಅವಳು ಕದಲಲಿಲ್ಲ. "ಈ ವರ್ಷ ಬ್ಯಾಡೋ ತಮ್ಮಾ. ನೀರಿಲ್ಲದ ನಿಂತಾವು, ಅವಕ್ಕ ಮತ್ತ ನಿಲ್ಲು ಅಂತ ಹೇಳತೀಯೇನು?" ಎಂದಳು. ಬದುವಿನ ಮೇಲಿಂದ ಊರು ನಕ್ಕಿತು: "ಗುರುಸಿದ್ದವ್ವ ಗಿಡದ ನಾಡಿ ನೋಡಾಕತ್ತಾಳ! ಕಷಾಯ ಏನಾರ ಕೊಡತೀಯೇನಬೇ?"

ಆ ನಗೆ ನನ್ನ ಮುಖಕ್ಕೆ ಉಗುಳಿದಂತಾಯಿತು. ನಾಳೆ ಮಳೆ ಸುರಿದು ಗಿಡ ಹುರಿ ದಾಟಿ ಎದ್ದರೆ? ಬೀಗರ ಮುಂದೆ ನಮ್ಮ ಮಾನ? ಮರುದಿನ ಅಕ್ಕ ಸಂತೆಗೆ ಹೋದದ್ದೇ ತಡ, ಡಬ್ಬಿ ಬೆನ್ನಿಗೇರಿಸಿ ನಾನು, ಅವಳ ಒಡಹುಟ್ಟಿದವನು, ಆ ಬಾಯಾರಿದ ಗಿಡಗಳಿಗೆಲ್ಲ ಕುಗ್ಗುನೀರು ಹೊಡೆದೆ. ಒಂದು ಸಾಲೂ ಬಿಡಲಿಲ್ಲ.

ನಾಲ್ಕನೆಯ ದಿನ ಮಳೆ ಬಂತು. ಎಂಥ ಮಳೆ! ಗಿಡಗಳು ಮಾತ್ರ ನಿಂತಲ್ಲೇ ನಿಂತವು. ಬೀಗರು ಹುರಿ ಎಳೆದರು. ಒಂದು ಕುಡಿಯೂ ಮುಟ್ಟಲಿಲ್ಲ. ಚಪ್ಪಾಳೆ ತಟ್ಟಿದರು, ನೀಲಗಂಗಾಳಿಗೆ ಸೀರೆ ಉಡಿಸಿದರು. ಅಕ್ಕ ಚಪ್ಪಾಳೆಯ ನಡುವೆ, ಕುಗ್ಗುನೀರು ಕುಡಿದು ಕಡುಹಸಿರಾಗಿ ದಪ್ಪಗಾದ ಒಂದು ಎಲೆ ಮಗುಚಿ ನೋಡಿ, ನನ್ನನ್ನು ನೋಡಿದಳು. ಕೊಯ್ಲಿಗೆ ಗಿಡಕ್ಕೆ ನಾಲ್ಕೋ ಐದೋ ಕಾಯಿ. ಬಂಡಿಯ ತಳವೂ ಮುಚ್ಚಲಿಲ್ಲ.

ಸಂಘ ಹೊಲ ಕಿತ್ತುಕೊಂಡಿತು. ಯಾರಿಗೆ ಕೊಟ್ಟಿತು ಗೊತ್ತೇ? ಅಂದು ಡಬ್ಬಿ ಹೊತ್ತ ನನ್ನನ್ನು ಬದುವಿನವರು ಕಂಡಿದ್ದರು; ಊರಿಗೆಲ್ಲ ಅತಿ ಸಮನಾದ ಹೊಲ ಮಾಡಿದವನೆಂದು ನನಗೆ! ಹಾರ ಹಾಕಿದರು. ಈ ಕೊರಳು ಬಗ್ಗಿತು, ಹಾಕಿಸಿಕೊಂಡಿತು. ಊರಿನ ಮೇಲಿನ ಹೇಸಿಗೆಯೆಲ್ಲ ಆ ಕ್ಷಣ ತಿರುಗಿ ನನ್ನ ಮೇಲೆಯೇ ಸುರಿಯಿತು. ಹಾರ ಕಿತ್ತೆಸೆದು ಅಕ್ಕನಲ್ಲಿಗೆ ಓಡಿದೆ. ಅವಳು ಪರರ ಅಂಗಳದಲ್ಲಿ ಅರಳೆಯಿಂದ ಕಸ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೊಲಾ ಸಮಾ ಆತಲ್ಲೋ ತಮ್ಮಾ. ಕುಂತು ನೋಡಕೋತ ಇರು" ಎಂದಳು. ಅಷ್ಟೇ. ಅಂದಿನಿಂದ ಮಾತಿಲ್ಲ.

ಪೂರ್ವಜರೇ, ಈ ಔಷಧ ನಿಮ್ಮ ಕಾಲದ್ದು. ಅದನ್ನು ಬಿಸಾಡಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ಊರಿನಲ್ಲಿ ಯಾವಳೋ ಒಬ್ಬಳು ಸಾಲಿನಲ್ಲಿ ಬಗ್ಗಿ, ಈ ವರ್ಷ ಬ್ಯಾಡ ಎಂದರೆ, ನಗುವ ಮುನ್ನ ಯಾಕೆಂದು ಕೇಳಿ. ಅಕ್ಕ ಉತ್ತರವನ್ನೂ ಹೇಳಿದ್ದಳು. ನಾನು ಕೇಳಲಿಲ್ಲ.

ಇತಿ,
ಅಕ್ಕನ ಹೊಲದಲ್ಲಿ ಕುಳಿತು ಬರೆದವನು,
ರಾಚಪ್ಪ