ಕುಲಾವಿಯ ಮೇಲಿನ ಹೆಸರು

ಮಗಳೇ,

ಹೊಲಿಗೆ ಅಂಗಡಿಗೆ ಹೊರಟೆ. ತಾಯಿ ಮಗು ಇಬ್ಬರೂ ಒಳ್ಳೇ ನಿದ್ದೆಯಲ್ಲಿದ್ದೀರಿ, ಎಬ್ಬಿಸಲಿಲ್ಲ. ಹಾಲು ಕಾಯಿಸಿಟ್ಟಿದ್ದೀನಿ, ಕುಡಿ. ಫೋನ್ ಹಿಡಿದು ಕೂರಬೇಡ.

ಚೊಚ್ಚಲ ಮಗುವಿಗೆ ಯಾರಾದರೂ ‘ಕಡಲು’ ಅಂತ ಹೆಸರಿಡ್ತಾರೇನೇ? ನೀನಾಗಲಿ ನಿನ್ನ ಗಂಡನಾಗಲಿ ಕಡಲನ್ನ ಕಣ್ಣಾರೆ ಕಂಡವರೇ ಅಲ್ಲ! ಅದಕ್ಕೇ ಹಟ ಹಿಡಿದು ಕುಲಾವಿ ಮೇಲೆ ನಮ್ಮಮ್ಮನ ಹೆಸರು ಹಾಕಿದ್ದೆ.

ಬೆಳಿಗ್ಗೆ ತೊಡಿಸೋಕೆ ಹೋದರೆ ನಿನ್ನ ಮಗಳು ನನ್ನ ಬೆರಳು ಹಿಡಿದವಳು ಬಿಡಲೇ ಇಲ್ಲ. “ಬಿಡೇ ಕಡಲೂ, ಅಂಗಡಿಗೆ ಹೊತ್ತಾಯ್ತು” ಅಂದುಬಿಟ್ಟೆ. ನನ್ನ ಬಾಯಿಂದಲೇ!

ಕೂತು ನಮ್ಮಮ್ಮನ ಹೆಸರಿನ ಹೊಲಿಗೆಯೆಲ್ಲಾ ಬಿಚ್ಚಿ, ನೀಲಿ ದಾರದಲ್ಲಿ ಹೊಸದಾಗಿ ಹೊಲಿದೆ. ಹಳೇ ಸೂಜಿ ತೂತು ಕಂಡರೆ ನಿನ್ನ ಗಂಡನ ಮುಂದೆ ಬಾಯಿ ಬಿಡಬೇಡ.

ಇಂತಿ,
ಕಡಲಿನ ಅಜ್ಜಿ