ಸುಖದ ಅಳತೆ

ಫಾಲ್ಗುಣ ಮಾಸದ ಮೂವತ್ತೆರಡನೆಯ ದಿನ
ಕೆರೆಯಂಗಳ ಬಡಾವಣೆ, ಧಾರವಾಡ

ಮುತ್ತಜ್ಜಿ ಗುರುಸಿದ್ದವ್ವನವರಿಗೆ, ಇನ್ನೂ ಹುಟ್ಟದ ನಿಮ್ಮ ಮರಿಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಮನೆಗಳ ಅಳತೆ ಮುಗಿಯುವವರೆಗೆ ಫಾಲ್ಗುಣ ಮುಗಿಯಕೂಡದೆಂದು ನಮ್ಮ ಕಾಲದ ಕಚೇರಿಯ ಆಜ್ಞೆ. ಹುಣ್ಣಿಮೆಯ ಮರುದಿನ ಹೊರಟ ಅಳತೆಗಾರರು ಇವತ್ತಷ್ಟೇ ನಮ್ಮ ಓಣಿಗೆ ಬಂದಿದ್ದಾರೆ. ಈ ಪತ್ರದಲ್ಲಿ ನಿಮಗೆ ತಿಳಿಯದ ಕೆಲವು ಮಾತುಗಳಿವೆ, ಅದಕ್ಕೆ ಕ್ಷಮೆ ಇರಲಿ. ನನ್ನ ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಕೆರೆ ತುಂಬಿಸಿ ಕಟ್ಟಿದ ಬಡಾವಣೆಗೆ ಗಟಾರು, ರಸ್ತೆ ಬೇಕೆಂದು ನೀವೆಲ್ಲ ಸೇರಿ ಸಾಲದ ಬಾಂಡ್ ಎತ್ತಿದಿರಿ. ಅದನ್ನು ತೀರಿಸಲು ವರ್ಷಕ್ಕೊಮ್ಮೆ ನಡೆಯುವುದೇ ಹಿತಮಾಪನ. ಎಂದರೆ, ಆ ರಸ್ತೆಯಿಂದ ಯಾವ ಮನೆ ಎಷ್ಟು ಸುಖಪಟ್ಟಿದೆ ಎಂದು ಅಳೆದು ಅದರ ಪಾಲು ನಿಗದಿ ಮಾಡುವುದು. ಜಗಲಿ ಇದ್ದರೆ ಸುಖ. ಬಿಸಿಲಿಗೆ ತಗಡಿನ ಚಪ್ಪರ ಇಳಿಬಿಟ್ಟಿದ್ದರೆ ಸುಖ. ಬಾಗಿಲ ಪಕ್ಕ ಮಲ್ಲಿಗೆ ಬಳ್ಳಿ ಹಬ್ಬಿದ್ದರೂ ಸುಖವೇ. ಪಾಲು ಕಟ್ಟಲಾಗದಿದ್ದರೆ ಮನೆ ಹರಾಜು.

ಹಾಗಾಗಿ ನಮ್ಮಲ್ಲೊಂದು ಹೊಸ ಹಬ್ಬ ಹುಟ್ಟಿಕೊಂಡಿದೆ. ಒಡೆ ಹುಣ್ಣಿಮೆ. ಅಳತೆಗೆ ಮುಂಚೆ ಎಲ್ಲರೂ ತಮ್ಮ ತಮ್ಮ ಜಗಲಿ ಒಡೆಯುತ್ತಾರೆ, ಚಪ್ಪರ ಕಿತ್ತು ಹಿತ್ತಲಲ್ಲಿ ಮಲಗಿಸುತ್ತಾರೆ, ಗೋಡೆಯ ಬಣ್ಣ ಕೆರೆಯುತ್ತಾರೆ. ಮಧ್ಯಾಹ್ನ ಹೋಳಿಗೆ ಊಟವೂ ಉಂಟು, ನಾಚಿಕೆ ಬಿಟ್ಟವರು ನಾವು. ಅಳತೆಗಾರ ಚನ್ನವೀರನಿಗೂ ಎಲ್ಲ ಗೊತ್ತು. "ಈ ಸಲ ಮನಿ ಭಾಳ ಸೊರಗೇತಲ್ರೀ ಅಕ್ಕಾರ" ಎಂದು ನಕ್ಕು ಅಳತೆಪಟ್ಟಿ ಬಿಚ್ಚುತ್ತಾನೆ. ಎಲ್ಲರ ಸುಖವೂ ಕಡಿಮೆಯಾದ ಮೇಲೆ ವಸೂಲಿ ಸಾಲುವುದಿಲ್ಲ. ಸಾಲದ್ದಕ್ಕೆ ಕಚೇರಿಯವರು ಹೊಸ ಬಾಂಡ್ ಎತ್ತುತ್ತಾರೆ. ನಿಮ್ಮ ರಸ್ತೆ ಕಿತ್ತುಹೋಗಿ ಎಷ್ಟೋ ಕಾಲವಾಯಿತು, ಗಟಾರಿನಲ್ಲಿ ಆಡುಗಳು ಮೇಯುತ್ತವೆ. ಬಾಂಡ್ ಮಾತ್ರ ಗಟ್ಟಿಮುಟ್ಟಾಗಿದೆ.

ನನಗೊಬ್ಬ ತಂಗಿ ಇದ್ದಾಳೆ, ದಾಕ್ಷಾಯಣಿ. ಹುಟ್ಟಿನಿಂದ ನಡೆಯಲಾರಳು, ಗಾಲಿಕುರ್ಚಿಯೇ ಅವಳ ಕಾಲು. ಬಾಗಿಲಿನಿಂದ ರಸ್ತೆಗೆ ಇಳಿಯಲು ಅವಳಿಗೊಂದು ಇಳಿಜಾರು ಕಟ್ಟಿದ್ದೇನೆ. ಹಿತಮಾಪನದಲ್ಲಿ ಅದಕ್ಕೆ ಜಗಲಿಗಿಂತ ಹೆಚ್ಚಿನ ದರ. ಪ್ರತಿವರ್ಷ ಅದನ್ನು ನಾನೇ ಗುದ್ದಲಿ ಹಿಡಿದು ಒಡೆಯುತ್ತೇನೆ. ಸಿಮೆಂಟು ಸಿಗುವುದು ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೆ ಅವಳು ಕಿಟಕಿಯ ಬಳಿ ಕೂತು ಬೀದಿ ನೋಡುತ್ತಾಳೆ. ಈ ಸಲ ಒಡೆ ಹುಣ್ಣಿಮೆಯ ದಿನ ನಾನು ಗುದ್ದಲಿ ತರುವಷ್ಟರಲ್ಲಿ ಅವಳು ಇಳಿಜಾರಿನ ನಡುವೆ ಕುರ್ಚಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟು ಕೂತಿದ್ದಳು. "ನಾ ಏಳಂಗಿಲ್ಲಕ್ಕ. ಒಡಿಯೂದಿದ್ರ ನನ್ನ ಸುದ್ದಾ ಒಡಿ" ಎಂದಳು. ನಾನು ಗುದ್ದಲಿ ಕೆಳಗಿಟ್ಟೆ. ಈ ವರ್ಷದ ಪಾಲು ನಮ್ಮಿಂದ ಆಗದು, ಮನೆ ಹೋಗುತ್ತದೆ. ಅವಳಿಗೂ ಅದು ಗೊತ್ತಿದೆ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎನ್ನುತ್ತೀರಾ? ಪಾಲು ಹೇರುವ ಮೊದಲು, ಬಾಂಡ್ ಎತ್ತಿದ ಮೂಲ ಸಭೆಯಲ್ಲಿ ಧ್ವನಿಮುದ್ರಿಸಿಟ್ಟ ಒಪ್ಪಿಗೆಯನ್ನು ಪ್ರತಿ ಬಾಗಿಲಲ್ಲೂ ಕೇಳಿಸಬೇಕೆಂದು ಕಾಯ್ದೆ ಇದೆ. ಆ ಒಪ್ಪಿಗೆಯ ದನಿ ನಿಮ್ಮದು. ಈಗಿನವರೇ ಸಮಾನ ಕಂತು ಕಟ್ಟಿ ತೀರಿಸಿದರೆ ಸಾಕೆಂದು ಯಾರೋ ಹೇಳುತ್ತಿದ್ದರು, ನೀವು ನಡುವೆ ಬಾಯಿ ಹಾಕಿದಿರಿ. "ಈಗ ನಮ್ಮ ಮ್ಯಾಲೆ ಯಾಕ್ರಿ ಭಾರ? ನಮ್ಮ ಮರಿಮಕ್ಕಳು ನಮಗಿಂತ ಸುಖದಾಗ ಇರತಾರ. ಅವರ ಸುಖಾ ಅಳದು ತಗೋರಿ." ಆಮೇಲೆ ಚಪ್ಪಾಳೆ, ಚಹಾದ ಕಪ್ಪುಗಳ ಸದ್ದು. ಹುಟ್ಟಿದಾಗಿನಿಂದ ವರ್ಷವರ್ಷವೂ ಇದನ್ನು ಕೇಳಿದ್ದೇನೆ. ಎಷ್ಟು ಧಾರಾಳದ ದನಿ! ನಮ್ಮ ಹೆಗಲ ಮೇಲೆ ಹೊರಿಸಿದ ಧಾರಾಳ ಅದು. ನಮ್ಮ ಮೇಲಿನ ಅಕ್ಕರೆಯಿಂದಲೇ ಆಡಿದ್ದೀರೇನೋ. ಅದನ್ನು ನೆನೆದರೆ ಸಿಟ್ಟು ಇನ್ನಷ್ಟು ಏರುತ್ತದೆ.

ಈ ಪತ್ರ ಆ ಸಭೆಯ ಬೆಳಿಗ್ಗೆ ನಿಮ್ಮ ಕೈ ಸೇರಬೇಕೆಂದು ನನ್ನ ಆಸೆ. ರಸ್ತೆ ಮಾಡಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ಅದರ ಮೇಲೆ ನಡೆಯುವವರು ನೀವು, ನೀವೇ ತೀರಿಸಿ. ನಮ್ಮ ಸುಖದ ಮಾತು ನಿಮಗೆ ಬೇಡ.

ಚನ್ನವೀರ ಪಕ್ಕದ ಮನೆಯಲ್ಲಿದ್ದಾನೆ. ಗೋಡೆಯಾಚೆ ನಿಮ್ಮ ದನಿ ಶುರುವಾಯಿತು. ಮುಂದಿನದು ನಮ್ಮ ಬಾಗಿಲು. ದಾಕ್ಷಿ ಆಗಲೇ ತಲೆ ಬಾಚಿಕೊಂಡು ಇಳಿಜಾರಿನ ಮೇಲೆ ಕೂತಿದ್ದಾಳೆ. ಮುತ್ತಜ್ಜಿ, ಕೈಮುಗಿದು ಕೇಳುತ್ತೇನೆ, ಆ ದಿನ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಚಹಾ ಕುಡಿಯಿರಿ.

ನಿಮ್ಮ
ನೀಲಗಂಗಾ