ಅವ್ವ ಕಲಿತ ಹಿಡಿತ

ಹರಿಹರ
೮ ಡಿಸೆಂಬರ್ ೨೦೨೪, ಭಾನುವಾರ

ಮಗಳು ರಶ್ಮಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಸುಮಾರಾಗಿ ಇದ್ದೇವೆ ಎಂದು ತಿಳಿದುಕೋ. ದಸರಾ ಹೊತ್ತಿಗೆ ನೀನು ಮೊಬೈಲಿಗೆ ಕಳಿಸಿದ್ದ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಧಾರವಾಡದಾಗ ಚಳಿ ಹೆಂಗೈತೆ ಎಂದು ಕೇಳಿ ಬೇಗ ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ. ಎಡಗಡೆಯ ಪಕ್ಕೆಲುಬು ಬಿರುಕು ಬಿಟ್ಟಿದೆ, ಹೊಲಿಗೆ ಮಷಿನ್ ತುಳಿಯಬಾರದು ಎಂದಿದ್ದಾರೆ ಡಾಕ್ಟರು. ಹಾಗಾಗಿ ಬರೆಯಲು ಹೊತ್ತಿದೆ. ಗಾಬರಿಯಾಗಬೇಡ, ಅದು ಹೇಗಾಯಿತು ಎಂಬುದನ್ನೂ ಹೇಳುತ್ತೇನೆ.

‘ಜೂಡೊ ಕ್ಲಾಸಿಗೆ ಹೋಗ್ತೀಯಂತೆ, ಅಪ್ಪಾಜಿ ಹೇಳಿದ್ರು. ಈ ವಯಸ್ನಾಗೆ ಯಾಕವ್ವ?’ ಎಂದು ನೀನು ಕೇಳಿದ್ದೆ.

ನಿನ್ನ ತಮ್ಮ ಅಂಜನ್‌ಗೆ ಈಗ ಇಪ್ಪತ್ತು ತುಂಬಿತು. ಎಂಬತ್ತನಾಲ್ಕು ಕೇಜಿ ಆಗಿದ್ದಾನೆ. ಆಟಿಸಂ ಎಂದು ಡಾಕ್ಟರು ಹೆಸರು ಹೇಳಿ ಹದಿನಾರು ವರ್ಷವಾದರೂ ಮಾತು ಈಗಲೂ ಹತ್ತಿಪ್ಪತ್ತೇ. ಸಮಾಧಾನದಲ್ಲಿದ್ದರೆ ಅಂಜನ್ ಇಡೀ ಓಣಿಯ ಬೆಳ್ಳುಳ್ಳಿ ಸುಲಿದು ಕೊಡುತ್ತಾನೆ, ಒಂದು ಎಸಳೂ ಗಾಯವಾಗದ ಹಾಗೆ. ಶಬ್ದ ತಲೆಗೆ ಹೊಕ್ಕಿತೆಂದರೆ ಮೊದಲು ತನ್ನ ಕಿವಿಗೆ ತಾನೇ ಹೊಡೆದುಕೊಳ್ಳುತ್ತಾನೆ, ಆಮೇಲೆ ಗೋಡೆಗೆ ತಲೆ, ಆಮೇಲೆ ಹತ್ತಿರ ಯಾರಿದ್ದಾರೋ ಅವರಿಗೆ. ನಿನಗೆ ಗೊತ್ತಿಲ್ಲದ್ದೇನಲ್ಲ. ಅಡುಗೆಮನೆಯಲ್ಲಿ ನಿನ್ನ ಮಣಿಕಟ್ಟು ಮುರಿದದ್ದೂ ಹಾಗೇ. ಆಮೇಲೆ ನೀನು ಬಿ.ಎಡ್. ಎಂದು ಹೋದವಳು ಎರಡು ದೀಪಾವಳಿಗೂ ಬರಲಿಲ್ಲ. ‘ಅವನು ಮನೆಯಾಗೆ ಇರೋ ತನಕ ಬರಾಕಾಗಲ್ಲ’ ಎಂದು ನೀನು ಬರೆದೆ.

ಈ ಏಪ್ರಿಲ್‌ನಲ್ಲಿ ನಿಮ್ಮ ಅಪ್ಪಾಜಿ ಅವನನ್ನು ಗೋಡೆಗೆ ಒತ್ತಿ ಹಿಡಿಯಲು ಹೋಗಿ ಸೊಂಟ ಹಿಡಿದುಕೊಂಡು ಎಂಟು ದಿನ ಮಲಗಿದರು. ಎದ್ದವರೇ ಎಲ್ಲೋ ದೂರದ ಒಂದು ವಸತಿ ಕೇಂದ್ರದ ಅರ್ಜಿ ತಂದರು. ‘ಉಚ್ಚೆಂಗಿ, ನಮ್ಮ ಕೈಲಿ ಆಗಲ್ಲ ಇನ್ನ. ನಾಳೆ ಅವನು ತಲೆ ಒಡ್ಕಂಡು ಸತ್ರೆ ಯಾರು ಹೊಣೆ?’ ಎಂದು ನನ್ನನ್ನು ಕೇಳಿದರು. ಅವರ ಕಣ್ಣು ಕೆಂಪಾಗಿತ್ತು. ಮಗ ಬೇಡ ಎಂದು ತಂದ ಅರ್ಜಿಯಲ್ಲ ಅದು. ಆರು ತಿಂಗಳು ತಡೀರಿ ಎಂದು ಕೇಳಿಕೊಂಡೆ. ಆರು ತಿಂಗಳಲ್ಲಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಆಗ ಹೊಲಿಗೆಗೆ ಸುಮೈರಾ ಎಂಬ ಹುಡುಗಿ ಒಂದು ದಪ್ಪ ಬಿಳಿ ಅಂಗಿ ತಂದಳು. ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಾಳೆ, ನಮ್ಮ ಹಿಂದಿನ ಓಣಿಯವಳು. ಕಂಬಳಿಯಷ್ಟು ದಪ್ಪದ ಬಟ್ಟೆ, ಕಂಕುಳಲ್ಲಿ ಹರಿದಿತ್ತು. ಇದು ಹೆಂಗೆ ಹರೀತು ಎಂದು ಕೇಳಿದೆ. ‘ಜೂಡೊ ಅಂಗಿ ಆಂಟಿ. ಹಿಡ್ಕಂಡು ಎಳದಾಡ್ತೀವಲ್ಲ. ಹೊಡೆಯಂಗಿಲ್ಲ, ಬರೀ ಹಿಡಿಯೋದು’ ಎಂದಳು.

ಹೊಡೆಯದೆ ಹಿಡಿಯುವುದು. ಆ ಅಂಗಿ ಹೊಲಿದು ಮುಗಿಯುವವರೆಗೂ ಅದೇ ಮಾತು ತಲೆಯಲ್ಲಿತ್ತು.

ಕ್ಲಾಸು ದಾವಣಗೆರೆಯ ಸರಸ್ವತಿ ನಗರದಲ್ಲಿ, ವಾರಕ್ಕೆ ಮೂರು ಸಂಜೆ. ನಿಮ್ಮ ಅಪ್ಪಾಜಿ ಮೊದಲ ಶಿಫ್ಟ್ ಮುಗಿಸಿ ಬಂದ ಮೇಲೆ ಮಗನನ್ನು ಅವರಿಗೆ ಒಪ್ಪಿಸಿ ಬಸ್ಸು ಹತ್ತುತ್ತಿದ್ದೆ. ಕಲಿಸುವವರು ಖೈರುನ್ನೀಸಾ ಮೇಡಂ, ಐವತ್ತೈದರ ಹೆಂಗಸು. ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮಗಳನ್ನ ಸೇರ್ಸಾಕೆ ಬಂದ್ರಾ ಅಕ್ಕಾರೆ?’ ಎಂದರು. ನಾನೇ ಸೇರುತ್ತೇನೆ ಎಂದೆ. ಅವರು ನಗಲಿಲ್ಲ. ಬಿ.ಪಿ. ಇದೆಯೇ ಎಂದು ಮಾತ್ರ ಕೇಳಿದರು.

ಮದುವೆಯಾದ ಮೇಲೆ ಮೊದಲ ಸಲ ಸೀರೆ ಬಿಟ್ಟು ಪ್ಯಾಂಟು ತೊಟ್ಟೆ. ಮೊದಲ ಮೂರು ವಾರ ಬರೀ ಬೀಳುವುದು. ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ಗುಂಡಗೆ ಮಾಡಿ, ಅಂಗೈಯಿಂದ ಮ್ಯಾಟಿಗೆ ಬಡಿದು ಬೀಳಬೇಕು. ಮನೆಗೆ ಬಂದು ರೊಟ್ಟಿ ಬಡಿಯಲು ಕೂತರೆ ಕೈ ಏಳುತ್ತಿರಲಿಲ್ಲ. ಎರಡು ಸಲ ಬಸ್ಸಿನಲ್ಲಿ ನಿದ್ದೆಹೋಗಿ ಹರಿಹರ ದಾಟಿ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ. ನಲವತ್ತೆಂಟು ವರ್ಷದ ಮೈ ರಶ್ಮಿ, ಕಲಿತದ್ದನ್ನೆಲ್ಲ ಮರುದಿನ ಮರೆಯುತ್ತದೆ, ನೋವನ್ನು ಮಾತ್ರ ಮರೆಯುವುದಿಲ್ಲ.

ನಾಲ್ಕನೇ ವಾರ ಸುಮೈರಾ ನನ್ನ ಮೇಲೆ ಅಡ್ಡ ಬಿದ್ದು ಒತ್ತಿ ಹಿಡಿದಳು. ಉಸಿರು ಕಟ್ಟಿತು. ಹೇಗೋ ಕೊಸರಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೇಡಂ ಬಂದು ಪಕ್ಕದಲ್ಲಿ ಕೂತರು. ಆಗ ಅಂಜನ್ ವಿಷಯ ಹೇಳಿದೆ. ಅವರು ‘ಮದ್ಲೇ ಹೇಳಿದ್ರೆ ಬ್ಯಾರೆ ಕಲಿಸ್ತಿದ್ನಲ್ಲ ಅಕ್ಕಾರೆ’ ಎಂದರು.

ಅಲ್ಲಿಂದ ನನಗೇ ಬೇರೆ ಪಾಠ. ಎದೆಯ ಮೇಲೆ ಭಾರ ಹಾಕಬಾರದು. ಬೋರಲು ಕೆಡವಬಾರದು. ಹಿಂದಿನಿಂದ ಹೋಗಿ ಸೊಂಟಕ್ಕೆ ಅಂಟಿಕೊಂಡು, ಅವನೊಂದಿಗೇ ನಿಧಾನ ನೆಲಕ್ಕೆ ಕೂರಬೇಕು. ಕಂಕುಳ ಕೆಳಗಿಂದ ಕೈ ತಂದು ಅವನ ಮುಂಗೈ ಹಿಡಿಯಬೇಕು. ನಮ್ಮ ಕೆನ್ನೆ ಅವನ ಬೆನ್ನಿಗೆ, ತಲೆ ಹಿಂದಕ್ಕೆ ಬಡಿದರೆ ಮೂಗಿಗೆ ತಾಗದ ಹಾಗೆ. ‘ದೂರ ನಿಂತ್ರೆ ಹೊಡ್ತ ಬೀಳ್ತೈತೆ. ಪೂರ್ತಿ ಹತ್ರ ಹೋದ್ರೆ ಹೊಡೆಯಾಕೆ ಜಾಗನೇ ಇರಲ್ಲ. ಜೋರು ಮಾಡಬ್ಯಾಡ್ರಿ. ಅವನು ಎಷ್ಟು ಎಳೀತಾನೋ ಅಷ್ಟೇ ಬಿಡ್ರಿ, ಸಡಿಲಾದಾಗ ನೀವೂ ಸಡಿಲಾಗ್ರಿ’ ಎನ್ನುತ್ತಿದ್ದರು. ಕೈಗೆ ಇದು ತಿಳಿಯಲು ಮೂರು ತಿಂಗಳು ಬೇಕಾಯಿತು. ಅಷ್ಟು ವರ್ಷ ನಾವು ಅವನನ್ನು ಗೆಲ್ಲಲು ನೋಡಿದ್ದೆವು. ಅವನೂ ಅದಕ್ಕೇ ಇನ್ನಷ್ಟು ಹೆದರುತ್ತಿದ್ದ.

ನವೆಂಬರ್ ಮೂರನೇ ಭಾನುವಾರ ಮೂವರೂ ನಂದಿಗುಡಿಗೆ ಹೋಗಿದ್ದೆವು, ನಿಮ್ಮ ಅಪ್ಪಾಜಿಯ ಅಕ್ಕನ ಮನೆಗೆ. ಮಧ್ಯಾಹ್ನ ವಾಪಸು ಬಸ್ಸಿಗೆ ಕಾಯುವಾಗ ಸೌಂಡ್ ಬಾಕ್ಸ್ ಹೇರಿಕೊಂಡ ಟ್ರ್ಯಾಕ್ಟರ್ ಬಂದು ಎದುರಿಗೇ ನಿಂತಿತು. ಅಂಜನ್ ಕಿವಿಗೆ ಹೊಡೆದುಕೊಳ್ಳತೊಡಗಿದ. ಬಸ್ ಸ್ಟ್ಯಾಂಡಿನ ಕಲ್ಲಿನ ಕಂಬಕ್ಕೆ ಒಂದು ಸಲ ಹಣೆ ಬಡಿದ. ರಕ್ತ ಬಂತು. ನಿಮ್ಮ ಅಪ್ಪಾಜಿ ಕೈಯಲ್ಲಿ ಚೀಲ ಹಿಡಿದುಕೊಂಡು ನಿಂತಲ್ಲೇ ನಿಂತರು.

ನಾನು ಹಿಂದಿನಿಂದ ಹೋದೆ. ಸೀರೆಯಲ್ಲಿದ್ದೆ, ಕ್ಲಾಸಿನಲ್ಲಿ ಸೀರೆ ಉಟ್ಟು ಯಾವತ್ತೂ ಮಾಡಿರಲಿಲ್ಲ. ಮೊದಲ ಮೊಣಕೈ ಏಟು ಪಕ್ಕೆಗೆ ಬಿತ್ತು, ಏನೋ ಲಟಕ್ಕೆಂದಿತು. ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು ಅಂಟಿಕೊಂಡೆ. ಇಬ್ಬರೂ ಮಣ್ಣಿನಲ್ಲಿ ಕೂತೆವು. ಜನ ಸೇರಿದರು. ಯಾರೋ ಮೊಬೈಲ್ ಹಿಡಿದರು. ‘ಹುಡುಗನ್ನ ಹೆಂಗೆ ಅಮುಕ್ಯಾಳ ನೋಡ್ರಿ, ಬಿಡ್ಸ್ರಿ ಮದ್ಲು’ ಎಂದು ಒಬ್ಬ ಗಂಡಸು ನನ್ನ ಭುಜ ಹಿಡಿದು ಎಳೆದ.

ಆಗ ನಿಮ್ಮ ಅಪ್ಪಾಜಿಯ ದನಿ ಕೇಳಿಸಿತು. ‘ಆಕಿನ್ನ ಮುಟ್ಟಬ್ಯಾಡ್ರಿ. ಆಕಿ ಅವನ ತಾಯಿ. ಏನು ಮಾಡ್ತಾಳ ಅಂತ ಆಕಿಗೆ ಗೊತ್ತೈತೆ. ಟ್ರ್ಯಾಕ್ಟರ್ ಬಂದ್ ಮಾಡ್ಸ್ರಿ, ಅಷ್ಟು ಉಪಕಾರ ಮಾಡ್ರಿ.’

ಹನ್ನೆರಡು ನಿಮಿಷವಂತೆ, ಅವರು ಗಡಿಯಾರ ನೋಡಿದ್ದರಂತೆ. ನನಗೆ ಹೊತ್ತು ತಿಳಿಯಲಿಲ್ಲ. ಅವನ ಎದೆ ಏರಿಳಿಯುವುದು ನನ್ನ ಕೈಗೆ ತಿಳಿಯುತ್ತಿತ್ತು, ಅಷ್ಟೇ. ಅದು ನಿಧಾನವಾಯಿತು. ಆಮೇಲೆ ಅವನು ಪೂರ್ತಿ ಭಾರ ನನ್ನ ಮೇಲೆ ಬಿಟ್ಟು ಒರಗಿದ, ಚಿಕ್ಕವನಿದ್ದಾಗ ಜೋಲಿಯಿಂದ ಎತ್ತಿಕೊಂಡರೆ ಒರಗುತ್ತಿದ್ದ ಹಾಗೆ. ಸ್ವಲ್ಪ ಹೊತ್ತಿಗೆ ‘ಬಸ್ಸು’ ಎಂದ. ನಿಜವಾಗಿಯೂ ಬಸ್ಸು ಬಂದಿತ್ತು. ಹತ್ತಿ ಕೂತೆವು. ಜನ ನೋಡುತ್ತಲೇ ಇದ್ದರು. ನನಗೆ ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಇದನ್ನು ಗೆಲುವು ಎಂದು ಬರೆಯುವ ಆಸೆ ನನಗಿಲ್ಲ. ಅವನ ಹಣೆಗೆ ನಾಲ್ಕು ಹೊಲಿಗೆ, ನನಗೆ ಆರು ವಾರ ವಿಶ್ರಾಂತಿ. ಇನ್ನು ಹತ್ತು ವರ್ಷಕ್ಕೆ ನನ್ನ ತೋಳು ಹೇಗಿರುತ್ತದೋ. ಆ ಅರ್ಜಿಯನ್ನು ನಿಮ್ಮ ಅಪ್ಪಾಜಿ ಹರಿದಿಲ್ಲ, ಹರಿಯಿರಿ ಎಂದು ನಾನೂ ಹೇಳಿಲ್ಲ. ಟ್ರಂಕಿನಲ್ಲಿದೆ. ಸದ್ಯಕ್ಕೆ ಅವನು ವಾರಕ್ಕೆ ನಾಲ್ಕು ದಿನ ದಾವಣಗೆರೆಯ ಒಂದು ಹಗಲು ಕೇಂದ್ರಕ್ಕೆ ಹೋಗುತ್ತಾನೆ. ಮಂಗಳವಾರ ಖೈರುನ್ನೀಸಾ ಮೇಡಂ ಮನೆಗೇ ಬಂದು ನಿಮ್ಮ ಅಪ್ಪಾಜಿಗೆ ಕಲಿಸುತ್ತಾರೆ. ನಡುಮನೆಯಲ್ಲಿ ಜಮಖಾನೆ ಹಾಸಿ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಅವರು ಕೂರುವುದನ್ನು ಅಂಜನ್ ಬೆಳ್ಳುಳ್ಳಿ ಸುಲಿಯುತ್ತಾ ನೋಡುತ್ತಾನೆ.

ಮಣಿಕಟ್ಟಿಗೆ ಚಳಿಗಾಲದಲ್ಲಿ ಬಿಸಿನೀರಿನ ಶಾಖ ಕೊಟ್ಟುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಪರೀಕ್ಷೆ ಚೆನ್ನಾಗಿ ಆಗಲಿ. ನೀನು ಪಾಠ ಮಾಡುವ ಶಾಲೆಯ ಮಕ್ಕಳು ನಿನ್ನನ್ನು ಕಂಡು ಹೆದರದಿರಲಿ, ಅದಕ್ಕಿಂತ ದೊಡ್ಡ ಹರಕೆ ನನಗೆ ತಿಳಿಯದು.

ಇಂತಿ, ನಿನ್ನ ಅವ್ವ
ಉಚ್ಚೆಂಗೆಮ್ಮ

ಇನ್ನೊಂದು ಮಾತು. ಇದನ್ನು ಮೊದಲೇ ಬರೆಯಬೇಕೆಂದು ಕೂತವಳು ಮೂರು ಹಾಳೆ ಸುತ್ತಿ ಬಂದೆ.

ನಿನ್ನ ಮಣಿಕಟ್ಟು ಮುರಿದ ದಿನ ಅಡುಗೆಮನೆ ಬಾಗಿಲ ಚಿಲಕ ಸಿಕ್ಕಿಕೊಂಡಿತ್ತು ಎಂದು ನೀನು ಎಲ್ಲರಿಗೂ ಹೇಳಿದೆ. ಆಸ್ಪತ್ರೆಯಲ್ಲಿ ಹೇಳಿದೆ, ಅಪ್ಪಾಜಿಗೂ ಹೇಳಿದೆ. ಚಿಲಕ ಸಿಕ್ಕಿಕೊಂಡಿರಲಿಲ್ಲ. ಅವನು ಕೈ ಬೀಸಿದ ಕೂಡಲೇ ನಾನು ಹೊರಗೆ ಓಡಿಬಂದು ಚಿಲಕ ಹಾಕಿದೆ. ನೀನು ಒಳಗಿದ್ದೀ ಎಂದು ಗೊತ್ತಿದ್ದೂ ಹಾಕಿದೆ. ‘ಅವ್ವಾ, ತೆಗಿ’ ಎಂದು ನೀನು ಕೂಗುವಾಗ ನನ್ನ ಕೈ ಚಿಲಕದ ಮೇಲೇ ಇತ್ತು, ತೆಗೆಯಲಿಲ್ಲ. ಬಾಗಿಲು ಮುಚ್ಚುವಾಗ ನೀನು ನನ್ನ ಮುಖ ನೋಡಿದ್ದೆ. ಆದರೂ ನನ್ನನ್ನು ಉಳಿಸಲು ಸುಳ್ಳು ಹೇಳಿದೆ, ಮುರಿದ ಕೈ ಇಟ್ಟುಕೊಂಡು.

ಮನೆಗೆ ಬರದಿರಲು ನೀನು ತಮ್ಮನ ಹೆಸರು ಹೇಳುತ್ತೀ. ಅದು ಅವನಿಗೆ ಹೆದರಿ ಅಲ್ಲ ಎಂದು ನನಗೆ ಗೊತ್ತು.

ನಿನ್ನೆ ನಿಮ್ಮ ಅಪ್ಪಾಜಿಗೆ ಎಲ್ಲವನ್ನೂ ಹೇಳಿದೆ. ಅವರು ಊಟದ ತಟ್ಟೆ ಬಿಟ್ಟು ಎದ್ದು ಹೋದರು, ಇವತ್ತೂ ನನ್ನ ಹತ್ತಿರ ಮಾತಾಡಿಲ್ಲ. ಇನ್ನು ಮೇಲೆ ನನಗಾಗಿ ನೀನು ಆ ಸುಳ್ಳು ಹೇಳಬೇಕಾಗಿಲ್ಲ ಮಗಳೇ.